ನೆನಪಿರುವ ಮಗು

ದತ್ತು ಬೇಕೆನ್ನುವವರು ಮೊದಲು ಕೇಳುವುದು ಮಗುವಿನ ವಯಸ್ಸನ್ನು. ‘ಆದಷ್ಟು ಚಿಕ್ಕದು ಸಿಗಬಹುದಾ?’ ಕೂಸು ಕೈಯಲ್ಲೇ ಬೆಳೆಯಲಿ ಎಂಬುದು ಬಾಯಲ್ಲಿ ಹೇಳುವ ಕಾರಣ. ಹೇಳದ ಕಾರಣ ಬೇರೆ: ಅದಕ್ಕೆ ಹಿಂದಿನದೇನೂ ನೆನಪಿರಬಾರದು. ಏಳು ವರ್ಷದ್ದಾದರೆ ಅಮ್ಮನ ಮುಖ, ಅವಳು ಕೂಗುತ್ತಿದ್ದ ಹೆಸರು, ತಿಂದ ಏಟು ಎಲ್ಲವನ್ನೂ ಹೊತ್ತೇ ಬರುತ್ತದೆ. ಅಷ್ಟು ಗಂಟುಮೂಟೆಗೆ ನಮ್ಮ ಮನೆಗಳಲ್ಲಿ ಜಾಗವಿಲ್ಲ. ಎಂಟು ದಾಟಿದ ಮಗುವಿಗಾದರೆ ಗಂಡಹೆಂಡಿರ ವಯಸ್ಸು ಕೂಡಿ 110 ಆಗುವವರೆಗೂ 2022ರ ದತ್ತು ನಿಯಮ ಅವಕಾಶ ಕೊಟ್ಟಿದೆ. ಎರಡು ತುಂಬದ ಕೂಸಿಗೆ ಆ ಗೆರೆ 85ಕ್ಕೇ ನಿಲ್ಲುತ್ತದೆ. ಬಾಗಿಲು ಇಷ್ಟು ಅಗಲವಾಗಿದ್ದರೂ ದೊಡ್ಡ ಮಕ್ಕಳನ್ನು ಕೇಳಿಕೊಂಡು ಬರುವವರು ಕಡಿಮೆ.

ಇಲ್ಲಿ ಯಾರೂ ಬಾರದಿದ್ದಾಗ ಹೊರದೇಶದವರ ಸರದಿ. ಭಾರತ 2003ರಲ್ಲಿ ಅನುಮೋದಿಸಿದ ಹೇಗ್ ದತ್ತು ಒಪ್ಪಂದದ ಕ್ರಮವೂ ಇದೇ, ಮೊದಲು ಸ್ವದೇಶ, ಆಮೇಲೆ ಪರದೇಶ. ಅವರ ಮನಸ್ಸು ನಮ್ಮದಕ್ಕಿಂತ ದೊಡ್ಡದು ಎಂದು ಹೊಗಳಿ ಕೈತೊಳೆದುಕೊಳ್ಳಬಹುದು. ನನಗೆ ಅಷ್ಟು ಸಲೀಸಾಗಿ ಹೊಗಳಲು ಆಗುವುದಿಲ್ಲ.

ಸರೂ ಬ್ರಿಯರ್ಲಿಯ ಕತೆ ‘ಲಯನ್’ ಸಿನಿಮಾ ನೋಡಿದವರಿಗೆ ಗೊತ್ತು. ಮಧ್ಯಪ್ರದೇಶದ ಖಂಡ್ವಾದ ಹುಡುಗ, ಐದರ ವಯಸ್ಸಿನಲ್ಲಿ ರೈಲಿನಲ್ಲಿ ನಿದ್ದೆಹೋಗಿ ಕೋಲ್ಕತ್ತ ಸೇರಿದ. 1987ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನ ದಂಪತಿಗೆ ಮಗನಾದ. ಒಳ್ಳೆಯ ಜನ, ಅಕ್ಕರೆಯಿಂದ ಬೆಳೆಸಿದರು. ಅವನ ಕೋಣೆಯಲ್ಲಿ ಭಾರತದ ಭೂಪಟವನ್ನೂ ತೂಗುಹಾಕಿದ್ದರು. ಆದರೂ ಹಿಂದಿ ಅವನ ನಾಲಗೆಯಿಂದ ಜಾರಿಹೋಯಿತು. ಉಳಿದದ್ದು ಮುರುಕು ಪದಗಳು. ತನ್ನ ಕೇರಿಯ ಹೆಸರು ‘ಗಿನೆಸ್ಟ್ಲೆ’ ಎಂದೇ ಅವನ ತಲೆಯಲ್ಲಿತ್ತು. ಅದು ಗಣೇಶ್ ತಲಾಯಿ. ಗೂಗಲ್ ಅರ್ಥ್‌ನಲ್ಲಿ ರೈಲುಹಳಿಗಳನ್ನು ರಾತ್ರಿಗಟ್ಟಲೆ ಹಿಂಬಾಲಿಸಿ 2012ರಲ್ಲಿ ಊರು ತಲುಪಿದಾಗ ತಾಯಿ ಅದೇ ಕೇರಿಯಲ್ಲಿದ್ದಳು. ಮಗ ಬಂದಾನೆಂದು ಅಲ್ಲಿಂದ ಕದಲಿರಲಿಲ್ಲ. ಹೆತ್ತವಳೂ ಮಗನೂ ಮಾತಾಡಲು ನಡುವೆ ದುಭಾಷಿ ಬೇಕಾಯಿತು. ತನ್ನ ಹೆಸರು ಸರೂ ಅಲ್ಲ, ಶೇರು ಎಂದು ಅವನಿಗೆ ತಿಳಿದದ್ದೂ ಆಮೇಲೆಯೇ.

ಇದು ಒಳ್ಳೆಯ ಮನೆ ಸಿಕ್ಕವನ ಕತೆ. ಸಿಗದವರದೂ ಇದೆ. 2010ರಲ್ಲಿ ಅಮೆರಿಕದ ಟೆನೆಸ್ಸಿಯ ಹೆಂಗಸೊಬ್ಬಳು ರಷ್ಯಾದಿಂದ ದತ್ತು ತಂದಿದ್ದ ಏಳು ವರ್ಷದ ಹುಡುಗನನ್ನು, ಇವನು ನನಗೆ ಬೇಡವೆಂದು ಚೀಟಿ ಕೊಟ್ಟು, ಒಬ್ಬನನ್ನೇ ಮಾಸ್ಕೋ ವಿಮಾನ ಹತ್ತಿಸಿ ವಾಪಸು ಕಳಿಸಿದಳು. ಅಂಗಡಿಗೆ ಹಿಂದಿರುಗಿಸುವ ಸಾಮಾನಿನಂತೆ.

ಹಾಗೆ ನೋಡಿದರೆ ದೊಡ್ಡವರನ್ನು ದತ್ತು ತೆಗೆದುಕೊಳ್ಳುವುದು ನಮಗೇನೂ ಹೊಸದಲ್ಲ. 2015ರಲ್ಲಿ ಮೈಸೂರು ಅರಮನೆಯಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ಸ್ವೀಕರಿಸಿದಾಗ ಅವರಿಗೆ 22 ವರ್ಷ. ಹೆಸರೂ ಬದಲಾಯಿತು. ಆದರೆ ಯಾವ ಹೆಸರು ಬಿಟ್ಟು ಯಾವುದನ್ನು ಪಡೆಯುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಬಾಲಮಂದಿರದ ಮಗುವಿಗೆ ಅದು ಗೊತ್ತಿರುವುದಿಲ್ಲ. ಐದು ತುಂಬಿದ ಮಗುವಿನ ಒಪ್ಪಿಗೆ ಬೇಕೆನ್ನುತ್ತದೆ ನಮ್ಮ ನಿಯಮ. ಒಳ್ಳೆಯದೇ. ‘ಅಪ್ಪ ಅಮ್ಮನ ಜೊತೆ ಹೋಗ್ತೀಯಾ?’ ಎಂದರೆ ಅದು ಹೂಂ ಎನ್ನುತ್ತದೆ. ಅಪ್ಪ ಅಮ್ಮ ಬೇಡವೆನ್ನುವ ಮಗು ಎಲ್ಲಿದೆ? ಆ ಒಂದು ‘ಹೂಂ’ನಲ್ಲಿ ತನ್ನ ಭಾಷೆಯನ್ನೂ ಬಿಟ್ಟುಕೊಟ್ಟಂತೆ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಹೊರಗಿನವರನ್ನಷ್ಟೇ ದೂರುತ್ತಿಲ್ಲ. ಒಡಿಶಾದ ಮಗು ಬೆಂಗಳೂರಿನ ಫ್ಲ್ಯಾಟಿಗೆ ಬಂದರೂ ಇದೇ ಪಾಡು. ಶಾಲೆಗೆ ಇಂಗ್ಲಿಷ್, ಕೆಲಸದವಳ ಹತ್ತಿರ ಕನ್ನಡ. ಅದರ ಒಡಿಯಾ ಕೇಳಿಸಿಕೊಳ್ಳಲು ಯಾರಿದ್ದಾರೆ?

ದತ್ತು ಕೊಡುವ ಮುಂಚೆ ಮನೆಗೆ ಬಂದು ಸಂಬಳ, ಆರೋಗ್ಯ, ಮಗುವಿಗೆ ಕೋಣೆ ಇದೆಯೇ ಎಂದೆಲ್ಲ ವಿಚಾರಿಸುತ್ತಾರೆ. ನನ್ನ ಕೈಲಿದ್ದರೆ ಅದಕ್ಕೆ ಇನ್ನೊಂದು ಸಾಲು ಸೇರಿಸುತ್ತಿದ್ದೆ. ಮಗು ಬರುವ ಆರು ತಿಂಗಳ ಮೊದಲೇ ಅದರ ಮಾತು ಕಲಿಯಲು ಕೂರಬೇಕು. ಸಾಹಿತ್ಯ ಬೇಡ, ವ್ಯಾಕರಣ ಬೇಡ. ಗದಗಿನ ಕಡೆಯ ಮಗುವೊಂದು ಮಿಲಾನಿನ ಮನೆಯಲ್ಲಿ ನಡುರಾತ್ರಿ ಎದ್ದು ‘ಹೊಟ್ಟಿ ನೋಯಾಕತ್ತೈತಿ’ ಅಂದರೆ, ಅದನ್ನು ತಿಳಿದು ದೀಪ ಹಾಕುವವರು ಆ ಮನೆಯಲ್ಲಿ ಒಬ್ಬರಾದರೂ ಇರಬೇಕು.