ರಜಾಕ್ಕ ಬಂದೀಯೇನೋ ತಮ್ಮಾ?

ರಾಜ್ಯದ ಮಾನ್ಯ ಮುಖ್ಯಮಂತ್ರಿಗಳಿಗೆ, ನಮ್ಮ ಭಾಗದ ಶಾಸಕರಿಗೆ ಮತ್ತು ಸಂಸದರಿಗೆ, ರೋಣ ತಾಲೂಕು ಯಾವಗಲ್ ಗ್ರಾಮದ ರೈತನೊಬ್ಬನ ನಮಸ್ಕಾರಗಳು.

ನಮ್ಮ ಕಡೆ ಸೈನಿಕ ನಿವೃತ್ತನಾಗಿ ಊರಿಗೆ ಬಂದರೆ ಆ ದಿನ ಹಬ್ಬ. ತೆರೆದ ಜೀಪು ಸಿಗದಿದ್ದರೆ ಟ್ರ್ಯಾಕ್ಟರಾದರೂ ಬರುತ್ತದೆ. ಡೊಳ್ಳು, ಹೂವಿನ ಹಾರ, ಸಾಲಿ ಮಕ್ಕಳ ಜೈಕಾರ, ಆರತಿ ಹಿಡಿದ ಹೆಣ್ಣುಮಕ್ಕಳು, ಅಗಸಿಯಿಂದ ಗುಡಿಯವರೆಗೆ ಮೆರವಣಿಗೆ. ಆಗಬೇಕಾದದ್ದೇ. ಹದಿನೇಳು, ಇಪ್ಪತ್ತು ವರ್ಷ ಹಿಮದಲ್ಲಿ, ಮರಳಿನಲ್ಲಿ ನಿಂತು ಬಂದವರಿಗೆ ಊರು ಅಷ್ಟಾದರೂ ಮಾಡಬೇಕು.

ನನ್ನ ತಮ್ಮ ಹಾಗೆ ಬರಲಿಲ್ಲ. ಒಂಬತ್ತು ವರ್ಷ ಸೇವೆ ಮಾಡಿ, ಮಾಘದ ಒಂದು ರಾತ್ರಿ ಕೊನೆಯ ಬಸ್ಸಿಗೆ ಇಳಿದು, ಕರಿ ಟ್ರಂಕು ಹೆಗಲ ಮೇಲಿಟ್ಟುಕೊಂಡು ನಡೆದು ಬಂದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು, ಪಲ್ಟನ್ನು. ಅದನ್ನು ಒಳಗೆ ತಂದು ಜೋಳದ ಚೀಲಗಳ ಹಿಂದೆ, ಹೆಸರು ಗೋಡೆಯ ಕಡೆಗೆ ಆಗುವಂತೆ ಇಟ್ಟ. ಮರುದಿನ ಕಟ್ಟೆಯ ಮೇಲೆ ಕೂತ ಹಿರಿಯರು, “ರಜಾಕ್ಕ ಬಂದೀಯೇನೋ ತಮ್ಮಾ?” ಎಂದರು. “ಹೂಂ ಕಾಕಾ, ರಜಾಕ್ಕ,” ಅಂದ.

ಸೈನಿಕನ ವಾರ್ಷಿಕ ರಜೆ 60 ದಿನ. ಮನೆಗೊಬ್ಬರಂತೆ ಸೈನ್ಯಕ್ಕೆ ಕಳಿಸಿದ ಓಣಿಯ ಮಂದಿಗೆ ಆ ಲೆಕ್ಕ ಬಾಯಿಪಾಠ. ಉಗಾದಿ ದಾಟಿತು, ಅವನ ರಜೆ ಮುಗಿಯಲಿಲ್ಲ. ಯಾರೂ ಕೆಟ್ಟದ್ದು ಆಡಲಿಲ್ಲ. ಕೇಳುವುದನ್ನು ಬಿಟ್ಟರು, ಅಷ್ಟೇ. ಅವನು ಕಟ್ಟೆಯ ದಾರಿ ಬಿಟ್ಟು ಹಳ್ಳದ ದಾರಿ ಹಿಡಿದ. ಆಮೇಲೆ ಹೊಲಕ್ಕೂ ನಸುಕಿನಲ್ಲಿ ಹೋಗಿ ಕತ್ತಲಾದ ಮೇಲೆ ಬರತೊಡಗಿದ. ಒಂದು ರಾತ್ರಿ ಅವ್ವನ ಹತ್ತಿರ ಕೂತು, “ಯವ್ವಾ, ನಾ ಅಲ್ಲೇ ಬಾರ್ಡರಿನ್ಯಾಗ ಸತ್ತಿದ್ದರ ನಿನಗ ಮಾನಾರ ಉಳೀತಿತ್ತು,” ಅಂದ. ಅವ್ವ ನನ್ನನ್ನು ಎಬ್ಬಿಸಿದಳು. ಮೂವರೂ ಬೆಳತನಕ ಎದ್ದೇ ಕೂತಿದ್ದು, ಮುಂಜಾನೆ ಧಾರವಾಡದ ಬಸ್ಸು ಹತ್ತಿ ಮನೋವೈದ್ಯರನ್ನು ಕಂಡೆವು. ತಮ್ಮ ಇವತ್ತು ಬದುಕಿದ್ದಾನೆ. ಅವ್ವ ಆ ಮಾತನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಿದ್ದರೆ ಈ ಪತ್ರದ ವಿಷಯವೇ ಬೇರೆ ಇರುತ್ತಿತ್ತು.

ಅವನು ಯಾಕೆ ಬಂದ ಎಂಬುದನ್ನೂ ಮುಚ್ಚಿಡುವುದಿಲ್ಲ. ಸೈನ್ಯದಲ್ಲಿ ‘ರೆಡ್ ಇಂಕ್’ ಅನ್ನುತ್ತಾರೆ, ಶಿಕ್ಷೆಯನ್ನು ಕೆಂಪು ಶಾಯಿಯಲ್ಲಿ ದಾಖಲಿಸುವುದು. ಅವನಿಗೆ ಅಂಥವು ನಾಲ್ಕು. ಅಪ್ಪನಿಗೆ ಲಕ್ವಾ ಹೊಡೆದಾಗ ರಜೆ ಮೀರಿ ನಿಂತದ್ದು ಒಂದು. 2019ರ ಆಗಸ್ಟಿನ ಮಳೆಗೆ ಮ್ಯಾಳಿಗಿ ಮನೆಯ ಗೋಡೆ ಕುಸಿದಾಗ ಮತ್ತೊಂದು. ಉಳಿದೆರಡು ಕುಡಿತದ್ದು. ಕುಡಿತ ಯಾಕೆ ಶುರುವಾಯಿತೆಂದು ಯಾರೂ ಕೇಳಲಿಲ್ಲ. ಅಣ್ಣನಾಗಿ ನಾನೂ ಕೇಳಲಿಲ್ಲ. ತಪ್ಪು ತಪ್ಪೇ, ಶಿಸ್ತಿಲ್ಲದೆ ಪಲ್ಟನ್ ನಡೆಯುವುದಿಲ್ಲ ಎಂದು ತಮ್ಮನೇ ಹೇಳುತ್ತಾನೆ. ಆದರೆ ನಾಲ್ಕು ಕೆಂಪು ದಾಖಲೆ ಇವೆ ಎಂಬುದೊಂದೇ ಕಾರಣಕ್ಕೆ ಸೈನಿಕನನ್ನು ಕಳಿಸುವಂತಿಲ್ಲ, ಮೊದಲು ನಿಷ್ಪಕ್ಷಪಾತ ವಿಚಾರಣೆ ನಡೆಯಬೇಕು, ಅವನು ಎಷ್ಟು ವರ್ಷ, ಎಂಥ ಕಷ್ಟದ ಜಾಗಗಳಲ್ಲಿ ದುಡಿದ ಎಂಬುದನ್ನೂ ನೋಡಬೇಕು ಎಂದು 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ತೀರ್ಪಿನ ಸುದ್ದಿ ನಮಗೆ ಮುಟ್ಟಿದ್ದೇ ತೀರ ತಡವಾಗಿ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕೆಂದರೆ ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. ಐದು ಎಕರೆ ಎರಿ ಹೊಲದವನಿಗೆ ಕೊಚ್ಚಿ ಎಷ್ಟು ದೂರ, ನೀವೇ ಅಂದಾಜು ಮಾಡಿ.

ಮಾಜಿ ಸೈನಿಕರಿಗೆ ಸಿಗುವ ನೆರವು ಕೇಳಲು ಕಚೇರಿಯೊಂದಕ್ಕೆ ಹೋದೆವು. ಅಲ್ಲಿಯವರು ಡಿಸ್ಚಾರ್ಜ್ ಬುಕ್ ತಿರುವಿ, “ಪಿಂಚಣಿ ಇಲ್ಲಲ್ಲ, ನಮ್ಮ ಪಟ್ಟಿಗೆ ನೀವು ಬರೋದಿಲ್ಲ,” ಎಂದು ವಾಪಸು ಕೊಟ್ಟರು. ಒರಟಾಗಿ ಅಲ್ಲ, ಇದ್ದ ನಿಯಮ ಹೇಳಿದರು. ಜವಾನನಿಗೆ ಪಿಂಚಣಿ ಬರಬೇಕಾದರೆ 15 ವರ್ಷ ಸೇವೆಯಾಗಿರಬೇಕು. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ, ಇಸಿಎಚ್‌ಎಸ್, ಮುಖ್ಯವಾಗಿ ಪಿಂಚಣಿ ಇದ್ದವರಿಗೆ. ದುರ್ನಡತೆಯ ಮೇಲೆ ಹೊರಬಿದ್ದವನು ನೌಕರಿಯ ಮೀಸಲಾತಿಯಲ್ಲಿ ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆಗೇ ಸೇರುವುದಿಲ್ಲ. ಮನಸ್ಸು ಕುಸಿದವನಿಗೆ ವೈದ್ಯರ ಬಾಗಿಲು ಮೊದಲು ತೆರೆಯಬೇಕಿತ್ತು. ನಮ್ಮಲ್ಲಿ ಅವನಿಗೇ ಅದು ಮೊದಲು ಮುಚ್ಚುತ್ತದೆ.

ಇದು ನಮ್ಮ ಮನೆಯೊಂದರ ಅಳಲು ಎಂದು ಬದಿಗಿಡಬೇಡಿ. ಅಮೆರಿಕದಲ್ಲಿ ಸುಮಾರು 39 ಲಕ್ಷ ಸೈನಿಕರ ದಾಖಲೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು ಕಂಡದ್ದು ಯುದ್ಧಭೂಮಿಗೆ ಹೋಗಿಬಂದದ್ದರಿಂದಲ್ಲ, ಸೇವೆಯಿಂದ ಹೊರಬಂದದ್ದರಿಂದ. ಗೌರವದ ಬಿಡುಗಡೆ ಸಿಗದವರಲ್ಲಿ ಆ ಪ್ರಮಾಣ, ಗೌರವದಿಂದ ಬಂದವರದಕ್ಕಿಂತ ಸುಮಾರು ಎರಡು ಪಟ್ಟು. ನಾಲ್ಕು ವರ್ಷ ತುಂಬುವ ಮುಂಚೆ ಬಂದವರಲ್ಲಿಯೂ ಹೆಚ್ಚು. ಬ್ರಿಟನ್ನಿನಲ್ಲಿ 2009ರಲ್ಲಿ ಬಂದ ಅಧ್ಯಯನವೂ ಸೇನೆ ಬಿಟ್ಟ 24 ವರ್ಷದೊಳಗಿನ ಹುಡುಗರ ಬಗ್ಗೆ ಇದೇ ಎಚ್ಚರಿಕೆ ಕೊಟ್ಟಿತ್ತು. 2017ರಿಂದ ಅಮೆರಿಕದ ಮಾಜಿ ಸೈನಿಕರ ಇಲಾಖೆ, ಗೌರವದ ಬಿಡುಗಡೆ ಇಲ್ಲದವರಿಗೂ ತುರ್ತು ಮಾನಸಿಕ ಚಿಕಿತ್ಸೆ ಕೊಡತೊಡಗಿತು.

ನಮ್ಮಲ್ಲಿ ಎಣಿಕೆಯೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷ ತರುವ ಆತ್ಮಹತ್ಯೆಗಳ ವರದಿಯಲ್ಲಿ ರೈತ, ದಿನಗೂಲಿ, ಗೃಹಿಣಿ, ವಿದ್ಯಾರ್ಥಿ, ನಿರುದ್ಯೋಗಿ, ನಿವೃತ್ತ ಎಂದು ಸಾಲುಗಳಿವೆ. ಸೇನೆಯಿಂದ ಬಂದವನಿಗೆ ಸಾಲಿಲ್ಲ. 2016ರ ನವೆಂಬರಿನಲ್ಲಿ ಹರಿಯಾಣದ ಮಾಜಿ ಸುಬೇದಾರ್ ರಾಮ್ ಕಿಶನ್ ಗ್ರೆವಾಲ್ ದೆಹಲಿಯಲ್ಲಿ ಜೀವ ಕಳೆದುಕೊಂಡಾಗ ದೇಶವೆಲ್ಲ ಮಾತಾಡಿತು. ಹಳ್ಳಿಯಲ್ಲಿ ಹೋಗುವವನು ಕಾಗದದಲ್ಲಿ ರೈತನೋ ನಿರುದ್ಯೋಗಿಯೋ ಆಗಿಬಿಡುತ್ತಾನೆ. ಮಲಪ್ರಭೆಯ ನೀರಿಗಾಗಿ ಹೋರಾಡಿದ ಈ ನೆಲದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ರೈತರ ಆತ್ಮಹತ್ಯೆಯನ್ನು ಎಣಿಸತೊಡಗಿದ ಮೇಲೆಯೇ ಪರಿಹಾರ, ಸಮಿತಿ, ವಿಚಾರಣೆ ಬಂದವು.

ಅವಸರ ಯಾಕೆಂದರೆ ಅಗ್ನಿಪಥ, ಹುಡುಗರನ್ನು ನಾಲ್ಕು ವರ್ಷಕ್ಕೆಂದು ಸೈನ್ಯಕ್ಕೆ ಸೇರಿಸಿಕೊಳ್ಳುವ ಯೋಜನೆ. 2022ರ ಜೂನ್‌ನಲ್ಲಿ ಘೋಷಿಸಿದ ಆ ಯೋಜನೆಯಲ್ಲಿ ಭೂಸೇನೆಯ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ 2027ರ ಆರಂಭಕ್ಕೆ ಮುಗಿಯುತ್ತದೆ. ಕಾಯಂ ಆಗುವವರು ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬ. ಉಳಿದ ಮೂವರು ಇಪ್ಪತ್ತು ದಾಟಿದ ಹುಡುಗರು, ಕೈಯಲ್ಲಿ ಸೇವಾ ನಿಧಿ ಇರುತ್ತದೆ, ಪಿಂಚಣಿ ಇರುವುದಿಲ್ಲ. ಅವರು ತಪ್ಪು ಮಾಡಿ ಬರುವವರಲ್ಲ. ಆದರೂ ಒಂದೇ ಓಣಿಯಿಂದ ಹೋದ ಇಬ್ಬರಲ್ಲಿ ಒಬ್ಬ ಉಳಿದು ಒಬ್ಬ ಬಂದರೆ, ಬಂದವನ ಕಿವಿಗೆ ಕಟ್ಟೆಯ ಪ್ರಶ್ನೆ ಹೇಗೆ ಬೀಳುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.

ಕೇಂದ್ರದ ನಿಯಮ ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಅಸಹಜ ಸಾವಿನ ವರದಿ ಬರೆಯುವುದು ನಿಮ್ಮ ಪೊಲೀಸರು. ಸತ್ತವನು ಸೇನೆಯಲ್ಲಾಗಲಿ ಅರೆಸೇನಾ ಪಡೆಯಲ್ಲಾಗಲಿ ಇದ್ದನೇ, ಯಾವಾಗ ಮತ್ತು ಹೇಗೆ ಹೊರಬಂದ ಎಂದು ಅದರಲ್ಲಿ ಒಂದು ಸಾಲು ಸೇರಿಸಿ. ಅವಧಿಗೆ ಮುಂಚೆ ಯಾರೇ ಮನೆಗೆ ಬಂದರೂ ಜಿಲ್ಲೆಗೆ ಮಾಹಿತಿ ಬರುವಂತೆ ಸೇನೆಯ ಜೊತೆ ಮಾತಾಡಿ. ಮೊದಲ ಆರು ತಿಂಗಳಲ್ಲಿ ಒಂದೆರಡು ಸಲ ಯಾರಾದರೂ ಅವನ ಮನೆಗೆ ಹೋಗಿ ಕೂಡಲಿ, ಚಹಾ ಕುಡಿಯಲಿ, ನಿದ್ದೆ ಬರುತ್ತದೇನೆಂದು ಕೇಳಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿ ಇದ್ದಾರೆ, ಆಶಾ ಅಕ್ಕಂದಿರು ಇದ್ದಾರೆ, ಪಿಂಚಣಿ ಪಡೆದು ಕೂತ ಹವಾಲ್ದಾರರು, ಸುಬೇದಾರರು ಊರೂರಿಗೆ ಇದ್ದಾರೆ. ಸೈನಿಕನ ಮಾತು ಸೈನಿಕನಿಗೇ ಬೇಗ ತಿಳಿಯುತ್ತದೆ. ಪಿಂಚಣಿ ಇಲ್ಲದವನಿಗೂ ಮಾನಸಿಕ ಚಿಕಿತ್ಸೆಯನ್ನು, ಔಷಧಿಯನ್ನು ತಾಲೂಕಿನಲ್ಲೇ ಉಚಿತವಾಗಿ ಸಿಗುವಂತೆ ಮಾಡಿ.

ಇದನ್ನು ಓದುತ್ತಿರುವ ಮನೆಯಲ್ಲಿ ಹೀಗೆ ಬಂದು ಮೂಲೆ ಹಿಡಿದವನು ಇದ್ದರೆ, ಟೆಲಿ ಮಾನಸ್ ನಂಬರು 14416. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಹತ್ತುವುದಿಲ್ಲ. ಅವನು ಮಾಡದಿದ್ದರೆ ನೀವು ಮಾಡಿ. ಅವನನ್ನು ಒಬ್ಬನೇ ಬಿಡಬೇಡಿ.

ಪತ್ರ ಬರೆಯುವ ಮುಂಚೆ ತಮ್ಮನನ್ನು ಕೇಳಿದೆ. ಕಡ್ಲಿ ಹೊಲದ ಬದುವಿನ ಮೇಲೆ ಕೂತಿದ್ದ. ಬಹಳ ಹೊತ್ತು ಸುಮ್ಮನಿದ್ದು, “ಬರಿ ಅಣ್ಣಾ. ಹೆಸರು ಮಾತ್ರ ಬ್ಯಾಡ,” ಅಂದ. ಅದಕ್ಕೇ ನನ್ನ ಹೆಸರನ್ನೂ ಹಾಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಸೈನಿಕನೊಬ್ಬನ ಅಣ್ಣ, ಯಾವಗಲ್