ಭೋಜ್‌ಪುರಿ ಬಂದ ಸ್ಪೈಡರ್‌ಮ್ಯಾನ್, ಕನ್ನಡ ಬಾರದ ಸೂಪರ್‌ಮ್ಯಾನ್

ಜೇಮ್ಸ್ ಗನ್ ನಿರ್ದೇಶನದ ಹೊಸ ‘ಸೂಪರ್‌ಮ್ಯಾನ್’ 2025ರ ಜುಲೈ 11ರಂದು ತೆರೆಗೆ ಬಂದಾಗ ನಮ್ಮ ದೇಶದಲ್ಲಿ ಎದ್ದ ದೊಡ್ಡ ಗಲಾಟೆ ಒಂದು ಮುತ್ತಿನದು. ನಾಯಕ ಕ್ಲಾರ್ಕ್ ಮತ್ತು ಪ್ರೇಯಸಿ ಲೋಯಿಸ್ ಚುಂಬಿಸುವ ದೃಶ್ಯದಲ್ಲಿ ಸೆನ್ಸಾರ್ ಮಂಡಳಿ 33 ಸೆಕೆಂಡ್ ಕತ್ತರಿಸಿತು. ಅದೇ ಚಿತ್ರದಲ್ಲಿ ಖಳನಾಯಕ ಲೂಥರ್ ಒಬ್ಬ ಬಡಪಾಯಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ, ಊರಿಗೆ ಊರೇ ಸೀಳಿಕೊಂಡು ಕಟ್ಟಡಗಳು ಕುಸಿಯುತ್ತವೆ. ಅದಕ್ಕೆಲ್ಲ ಅಡ್ಡಿಯಿಲ್ಲ, ಯುಎ 13+ ಸಾಕು. ಮುತ್ತು ಮಾತ್ರ ಸಂಸ್ಕೃತಿಗೆ ಅಪಾಯ. ಪತ್ರಿಕೆಗಳು ಬರೆದವು, ನಟಿಯರು ಸಿಟ್ಟಾದರು, ಅಭಿಮಾನಿಗಳು ಹಲ್ಲು ಕಡಿದರು. ಆ ಕತ್ತರಿಯನ್ನು ಬೈದವರಲ್ಲಿ ನಾನೂ ಒಬ್ಬ.

ಆದರೆ 33 ಸೆಕೆಂಡಿಗೆ ಅಷ್ಟು ಬಾಯಿ ಮಾಡಿದ ಬೆಂಗಳೂರಿನ ಅಭಿಮಾನಿಗಳು ಇನ್ನೊಂದು ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಚಿತ್ರ ಭಾರತದಲ್ಲಿ ಬಿಡುಗಡೆಯಾದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕನ್ನಡದಲ್ಲಿ ಇಲ್ಲ. ಕನ್ನಡವೊಂದೇ ಗೊತ್ತಿರುವವನ ಪಾಲಿಗೆ ಕತ್ತರಿ ಬಿದ್ದದ್ದು ಪೂರ್ತಿ 129 ನಿಮಿಷಕ್ಕೆ.

ಹಾಗಂದರೇನು ಎಂದು ತಿಳಿಯಬೇಕಾದರೆ ಹೆಬ್ಬಗೋಡಿಗೆ ಬನ್ನಿ. ಬಯೋಕಾನ್, ಬೊಮ್ಮಸಂದ್ರದ ಕಾರ್ಖಾನೆಗಳು, ಗಾರ್ಮೆಂಟ್ಸ್, ನಾರಾಯಣ ಆಸ್ಪತ್ರೆ, ಒಂದಿಷ್ಟು ಹಿಂದೆ ಹೋದರೆ ಎಲೆಕ್ಟ್ರಾನಿಕ್ ಸಿಟಿ: ಇಷ್ಟಕ್ಕೂ ಕೈಕಾಲು ಒದಗಿಸುವವರು ನಮ್ಮ ಗಲ್ಲಿಗಳ ಬಾಡಿಗೆ ರೂಮುಗಳಲ್ಲಿ ಇದ್ದಾರೆ. ಒಂದೇ ವಠಾರದಲ್ಲಿ ಬಿಹಾರದವರು, ಕೃಷ್ಣಗಿರಿಯವರು, ಮದನಪಲ್ಲಿಯವರು, ನಮ್ಮ ಸಿಂಧನೂರು, ಸುರಪುರದವರು. ಬಿಹಾರದ ಹುಡುಗನಿಗೆ ಹಿಂದಿ ಸೂಪರ್‌ಮ್ಯಾನ್ ಇದ್ದ. ಕೃಷ್ಣಗಿರಿಯವನಿಗೆ ತಮಿಳಿನವನಿದ್ದ, ಇಲ್ಲಿ ಆಟ ಸಿಗದಿದ್ದರೆ ಅತ್ತಿಬೆಲೆ ದಾಟಿ ಹೊಸೂರಿಗೆ ಹೋದರಾಯಿತು. ಮದನಪಲ್ಲಿಯವನಿಗೆ ತೆಲುಗು. ಕರ್ನಾಟಕದ ಈ ವಠಾರದಲ್ಲಿ ತನ್ನ ಭಾಷೆಯ ಸೂಪರ್‌ಮ್ಯಾನ್ ಇಲ್ಲದೆ ಉಳಿದವನು ಸಿಂಧನೂರಿನವನೊಬ್ಬನೇ.

ಅಂಥವನೊಬ್ಬನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಬೊಮ್ಮಸಂದ್ರದಲ್ಲಿ ಸಿಎನ್‌ಸಿ ಮಷಿನ್ ಮೇಲೆ ಕೆಲಸ ಮಾಡುವ ಹುಡುಗ. ಐಟಿಐ ಓದಿದ್ದಾನೆ, ಡ್ರಾಯಿಂಗ್ ನೋಡಿ ಮೈಕ್ರಾನ್ ಲೆಕ್ಕದಲ್ಲಿ ಜಾಬ್ ತೆಗೆಯುತ್ತಾನೆ. ದಡ್ಡನಲ್ಲ. ಚಿತ್ರದ ತಿರುವು ಇರುವುದು ಒಂದು ಸಂದೇಶದಲ್ಲಿ. ಸೂಪರ್‌ಮ್ಯಾನ್‌ನ ಹೆತ್ತವರು ಮಗುವಿನ ಜೊತೆ ಕಳಿಸಿದ ಮಾತಿನ ಅರ್ಧವಷ್ಟೇ ಅವನಿಗೆ ಗೊತ್ತು. ಉಳಿದರ್ಧವನ್ನು ಲೂಥರ್ ಹೊರಗೆಡವುತ್ತಾನೆ, ಊರೆಲ್ಲ ಅವನ ಮೇಲೆ ತಿರುಗಿಬೀಳುತ್ತದೆ. ಅಲ್ಲಿಗೆ ಬಂದಾಗ ಹುಡುಗ ನನ್ನ ಕಿವಿಯ ಹತ್ತಿರ ಬಾಗಿ, “ಅಣ್ಣಾ, ಅವ್ರಪ್ಪ ಏನಂದ? ಎಲ್ಲಾರೂ ಯಾಕ ಸಿಟ್ಟಾದ್ರು?” ಅಂದ. ನಾನು ಹೇಳತೊಡಗಿದೆ. ಮುಂದಿನ ಸಾಲಿನವರು ತಿರುಗಿ ಶ್ ಅಂದರು. ಆಮೇಲೆ ಅವನು ಕೇಳಲಿಲ್ಲ. ಕ್ರಿಪ್ಟೋ ನಾಯಿ ಬಂದಾಗಲೆಲ್ಲ ನಕ್ಕ, ಹೊಡೆದಾಟ ಬಂದಾಗ ಮುಂದೆ ಬಾಗಿದ, ಮಿಕ್ಕ ಹೊತ್ತು ಮೊಬೈಲು ತೆಗೆದು ಟೈಮ್ ನೋಡಿದ.

ಚಿತ್ರ ನನಗೆ ತುಂಬ ಇಷ್ಟವಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಝ್ಯಾಕ್ ಸ್ನೈಡರ್ ಅಭಿಮಾನಿಗಳು ಬೈದುಕೊಳ್ಳಲಿ. ಅವರ 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಸೂಪರ್‌ಮ್ಯಾನ್ ಸದಾ ಸೂತಕದಲ್ಲಿರುವವನ ಹಾಗೆ ಹಾರಾಡುತ್ತಿದ್ದ. ಈ ಡೇವಿಡ್ ಕೊರೆನ್ಸ್‌ವೆಟ್ ಕೆಂಪು ಚಡ್ಡಿ ಮತ್ತೆ ಹಾಕಿಕೊಂಡಿದ್ದಾನೆ, ಏಟು ತಿನ್ನುತ್ತಾನೆ, ಪ್ರೇಯಸಿಯ ಪ್ರಶ್ನೆಗೆ ಸಿಡುಕುತ್ತಾನೆ, ರಾಕ್ಷಸ ಪ್ರಾಣಿ ಊರನ್ನು ತುಳಿಯುತ್ತಿರುವಾಗ ಒಂದು ಅಳಿಲನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಶಕ್ತಿಗಿಂತ ಕರುಣೆ ಮುಖ್ಯವೆಂದು ನಾಚಿಕೆಯಿಲ್ಲದೆ ಹೇಳುವ ಸೂಪರ್‌ಹೀರೋ ಚಿತ್ರ ಬಂದು ಎಷ್ಟು ಕಾಲವಾಗಿತ್ತು! ಸೂಪರ್‌ಮ್ಯಾನ್ ವಲಸೆ ಬಂದವನ ಕಥೆ ಎಂದು ಗನ್ ಹೇಳಿದ್ದಕ್ಕೆ ಅಮೆರಿಕದ ಬಲಪಂಥೀಯ ಟಿವಿಗಳು ಉರಿದುಬಿದ್ದವು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರೇ ತುಂಬಿರುವ ಹೆಬ್ಬಗೋಡಿಗೆ ಇದಕ್ಕಿಂತ ಹತ್ತಿರದ ಕಥೆ ಬೇಕೇ?

ಇನ್ನೂ ಹತ್ತಿರದ್ದು ಇದೆ. ಲೂಥರ್ ನಿಜಕ್ಕೂ ಹವಣಿಸುತ್ತಿರುವುದು ಜಮೀನಿಗೆ. ಬೊರಾವಿಯಾಕ್ಕೆ ಆಯುಧ ಕೊಟ್ಟು, ಪಕ್ಕದ ಬಡ ದೇಶ ಜರ್ಹಾನ್‌ಪುರವನ್ನು ಆಕ್ರಮಿಸಲು ಬಿಟ್ಟು, ಗೆದ್ದ ನೆಲದಲ್ಲಿ ಅರ್ಧ ತನಗೆ ಬರೆಸಿಕೊಳ್ಳುವುದು ಅವನ ಒಪ್ಪಂದ. ಚಿತ್ರ ಬಿಡುಗಡೆಯಾದ ವಾರದಲ್ಲೇ, ಜುಲೈ 15ರಂದು, ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಮೂರು ವರ್ಷಕ್ಕೂ ಮೀರಿ ಧರಣಿ ಕೂತಿದ್ದ ರೈತರು ಗೆದ್ದು ಎದ್ದರು. ನಮ್ಮ ಆನೇಕಲ್ ತಾಲ್ಲೂಕಿನಲ್ಲೂ ಸರ್ಜಾಪುರದ ಕಡೆ ಅದೇ ಆತಂಕ ಇತ್ತು. ಕೋಲು ಹಿಡಿದು ಟ್ಯಾಂಕಿನೆದುರು ನಿಂತ ಜರ್ಹಾನ್‌ಪುರದ ಹಳ್ಳಿಗರನ್ನು ಕನ್ನಡದಲ್ಲಿ ನೋಡಿದ್ದರೆ ಜನ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದ್ದರೋ ಇಲ್ಲವೋ?

ಇದಕ್ಕೆ ವಾರ್ನರ್ ಬ್ರದರ್ಸ್ ಒಂದನ್ನೇ ದೂರುವುದು ಸುಲಭ. ಬೀಗ ಹಾಕಿದವರು ನಾವೇ ಎಂಬುದನ್ನು ಮರೆಯಬಾರದು. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ, ರಾಜ್‌ಕುಮಾರ್ ಅವರ ಕಾಲದಲ್ಲಿ ಡಬ್ಬಿಂಗ್ ವಿರೋಧಕ್ಕೆ ನ್ಯಾಯವಿತ್ತು. ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು, ಚಿತ್ರೀಕರಣಕ್ಕೆ ಮದ್ರಾಸಿಗೆ ಓಡಬೇಕು, ಬೆಂಗಳೂರಿನ ಥಿಯೇಟರುಗಳಲ್ಲೇ ಕನ್ನಡಕ್ಕೆ ಜಾಗವಿಲ್ಲ. ಅಂದು ಕಟ್ಟಿದ ಬೇಲಿ ಪೈರನ್ನು ಉಳಿಸಿತು, ಒಪ್ಪೋಣ. ಪೈರು ಮರವಾದ ಮೇಲೂ ಬೇಲಿ ತೆಗೆಯಲಿಲ್ಲ. ಯಾವ ಕಾನೂನಿನಲ್ಲೂ ಇಲ್ಲದ ನಿಷೇಧ ಅರ್ಧ ಶತಮಾನ ನಡೆಯಿತು. ರಿಮೇಕ್‌ಗೆ ಮಾತ್ರ ಬಾಗಿಲು ಸದಾ ತೆರೆದಿತ್ತು. ಬೇರೆ ಭಾಷೆಯ ಕಥೆ, ದೃಶ್ಯ, ಟ್ಯೂನು ಎಲ್ಲ ತಂದು ನಮ್ಮ ನಟರ ಮುಖ ಅಂಟಿಸಿದರೆ ಅದು ಕನ್ನಡ ಸೇವೆ. ಮೂಲ ಚಿತ್ರಕ್ಕೆ ಕನ್ನಡದ ಮಾತು ಕೊಟ್ಟರೆ ದ್ರೋಹ!

2007ರಲ್ಲಿ ‘ಸ್ಪೈಡರ್‌ಮ್ಯಾನ್ 3’ ಹಿಂದಿ, ತಮಿಳು, ತೆಲುಗಿನ ಜೊತೆ ಭೋಜ್‌ಪುರಿಯಲ್ಲೂ ಬಂತು. ಭೋಜ್‌ಪುರಿಯವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಅವರ ಪೀಟರ್ ಪಾರ್ಕರ್ ಅತ್ತೆಯ ಹತ್ತಿರ ಮನೆಮಾತಿನಲ್ಲಿ ಅಳುತ್ತಿದ್ದಾಗ ನಮ್ಮ ಮಕ್ಕಳು ಏನು ಮಾಡುತ್ತಿದ್ದರು? 2012ರಲ್ಲಿ ಅದೇ ಸರಣಿಯನ್ನು ಹೊಸದಾಗಿ ಶುರುಮಾಡಿದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಅಮೆರಿಕಕ್ಕಿಂತ ಮೊದಲೇ ಭಾರತಕ್ಕೆ ಬಂತು, ಕನ್ನಡಕ್ಕೆ ಬರಲಿಲ್ಲ. ಅದೇ ವರ್ಷ ಆಮಿರ್ ಖಾನರ ‘ಸತ್ಯಮೇವ ಜಯತೆ’ ಕನ್ನಡದಲ್ಲಿ ಟಿವಿಗೆ ಬರದಂತೆ ತಡೆದರು. ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮಾತಾಡುವ ಕಾರ್ಯಕ್ರಮ ಕನ್ನಡದಲ್ಲಿ ಬಂದರೆ ಕನ್ನಡಕ್ಕೆ ಕೇಡು ಎಂಬ ವಾದ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕನ್ನಡ ಗ್ರಾಹಕರ ಕೂಟದವರು ಸ್ಪರ್ಧಾ ಆಯೋಗದ ಮೆಟ್ಟಿಲು ಹತ್ತಿದರು. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆ ತಪ್ಪೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿ ಮುಂತಾದ ಸಂಘಗಳಿಗೆ ದಂಡ ಹಾಕಿತು. ಆದರೂ 2017ರ ಮಾರ್ಚ್‌ನಲ್ಲಿ ಅಜಿತ್ ಚಿತ್ರ ‘ಸತ್ಯದೇವ್ ಐಪಿಎಸ್’ ಕನ್ನಡ ಮಾತಾಡಿಕೊಂಡು ಬಂದಾಗ ಪ್ರತಿಭಟನೆ, ಬೆದರಿಕೆ. ಲಾಕ್‌ಡೌನ್ ಬಂದ ಮೇಲೆ ಗಾಳಿ ತಿರುಗಿತು: 2020ರಲ್ಲಿ ಸ್ಟಾರ್ ಸುವರ್ಣದಲ್ಲಿ ಡಬ್ ಆದ ‘ಮಹಾಭಾರತ’ವನ್ನು ಮನೆಮನೆಯಲ್ಲಿ ನೋಡಿದರು. 2022ರಲ್ಲಿ ‘ಆರ್‌ಆರ್‌ಆರ್’ನ ಕನ್ನಡ ಅವತರಣಿಕೆಗೆ ಆಟಗಳನ್ನೇ ಕೊಟ್ಟಿಲ್ಲವೆಂದು ಕನ್ನಡಿಗರೇ ಬಹಿಷ್ಕಾರದ ಕೂಗೆಬ್ಬಿಸಿದರು. ಅದೇ ವರ್ಷ ‘ಡಾಕ್ಟರ್ ಸ್ಟ್ರೇಂಜ್’ನ ಎರಡನೇ ಭಾಗ, ‘ಥಾರ್: ಲವ್ ಅಂಡ್ ಥಂಡರ್’, ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ಬಂದವು. 2023ರಲ್ಲಿ ಕಾರ್ಟೂನಿನ ಸ್ಪೈಡರ್‌ಮ್ಯಾನ್ ಕೊನೆಗೂ ಕನ್ನಡ ಕಲಿತ. ಇಷ್ಟೆಲ್ಲ ಆದ ಮೇಲೆ 2025ರ ಸೂಪರ್‌ಮ್ಯಾನ್ ಮತ್ತೆ ಹಳೆಯ ನಾಲ್ಕು ಭಾಷೆಗೇ ನಿಂತ.

‘ಕನ್ನಡದಲ್ಲಿ ಬಿಟ್ಟೆವು, ಯಾರೂ ನೋಡಲಿಲ್ಲ’ ಎಂಬುದು ವಿತರಕರ ಮತ್ತು ಮಲ್ಟಿಪ್ಲೆಕ್ಸ್‌ನವರ ಸಿದ್ಧ ಉತ್ತರ. ಹೇಗೆ ಬಿಟ್ಟಿರಿ ಸ್ವಾಮಿ? ಮಂಗಳವಾರ ಬೆಳಿಗ್ಗೆ ಹತ್ತರ ಆಟ ಕೊಟ್ಟರೆ ನಮ್ಮ ಕಡೆ ಯಾರು ಬರುತ್ತಾರೆ? ಫಸ್ಟ್ ಶಿಫ್ಟಿನವನು ಮಷಿನ್ ಮುಂದೆ ನಿಂತಿರುತ್ತಾನೆ, ನೈಟ್ ಶಿಫ್ಟಿನವನು ಮಲಗಿರುತ್ತಾನೆ. ಪೋಸ್ಟರ್ ಇಲ್ಲ, ಟ್ರೇಲರ್ ಪರದೆಯ ಮೇಲೆ ಹಾಕುವುದಿಲ್ಲ, ಆಟ ಇದೆಯೆಂದು ಗೊತ್ತಾಗುವ ಹೊತ್ತಿಗೆ ಎತ್ತಂಗಡಿ. ಬುಕಿಂಗ್ ಕಡಿಮೆ ಎಂದು ಆಟ ಕಡಿತ, ಆಟ ಕಡಿಮೆ ಎಂದು ಬುಕಿಂಗ್ ಕಡಿತ. ಟಿಕೆಟ್ ದರದ ಮಾತಂತೂ ಬೇಡ. 200 ರೂಪಾಯಿ ಮಿತಿಯನ್ನು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಬಿತ್ತು.

‘ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗ ಮುಳುಗುತ್ತದೆ’ ಎನ್ನುವವರು ಅದೇ 2025ರ ಜುಲೈಯನ್ನು ನೋಡಲಿ. 25ರಂದು ಹಾಲಿವುಡ್‌ನ ‘ಫೆಂಟಾಸ್ಟಿಕ್ ಫೋರ್’ ಹೊಸ ಅವತಾರ ಬಂತು. ಅದೇ ದಿನ ಜೆ.ಪಿ. ತುಮಿನಾಡ್ ಅವರ ‘ಸು ಫ್ರಮ್ ಸೋ’ ಬಂತು, ಸ್ಟಾರ್ ಇಲ್ಲದ ಕರಾವಳಿಯ ಕಥೆ, ಟಿಕೆಟ್ ಸಿಗದೆ ಜನ ವಾಪಸ್ ಹೋದರು. ಅದೇ ದಿನ ‘ಮಹಾವತಾರ ನರಸಿಂಹ’ ಹಲವು ಭಾಷೆಗಳಲ್ಲಿ ಬಂದು ಕನ್ನಡದಲ್ಲೂ ಓಡಿತು. ಒಳ್ಳೆಯ ಚಿತ್ರವನ್ನು ಯಾವ ಡಬ್ಬಿಂಗೂ ಮುಳುಗಿಸಲಿಲ್ಲ. ಇನ್ನು ‘ಕೆಜಿಎಫ್ 2’, ‘ಕಾಂತಾರ’ ಕೋಟಿಗಟ್ಟಲೆ ಗಳಿಸಿದ್ದು ಹಿಂದಿ, ತೆಲುಗು, ತಮಿಳಿಗೆ ಡಬ್ ಆಗಿ ತಾನೇ? ನಮ್ಮ ‘ಕೆಜಿಎಫ್’ನ ರಾಕಿ ಪಟ್ನಾದಲ್ಲಿ ಹಿಂದಿ ಮಾತಾಡಬಹುದು, ಸೂಪರ್‌ಮ್ಯಾನ್ ಹೆಬ್ಬಗೋಡಿಯಲ್ಲಿ ಕನ್ನಡ ಮಾತಾಡಬಾರದು ಎನ್ನುವುದು ಯಾವ ಸೀಮೆಯ ನ್ಯಾಯ?

ನನಗೆ ಹೆಚ್ಚು ಸಿಟ್ಟಿರುವುದು ನನ್ನ ಜೊತೆಯ ಅಭಿಮಾನಿಗಳ ಮೇಲೆ. ಕಾಮಿಕ್ಸ್ ಓದಿದವರು, ಐಮ್ಯಾಕ್ಸ್ ಬಿಟ್ಟು ಬೇರೆ ಕಡೆ ನೋಡದವರು. ‘ಡಬ್ಬಿಂಗ್ ಚೀಪ್, ಒರಿಜಿನಲ್ಲೇ ನೋಡಬೇಕು’ ಎಂದು ಮೂಗು ಮುರಿಯುತ್ತಾರೆ. ನೋಡಿ, ಯಾರು ಬೇಡ ಅಂದರು? ನಿಮ್ಮ ಆಟವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ನೀವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ಸೂಪರ್‌ಮ್ಯಾನ್ ನಿಮ್ಮಪ್ಪನ ಮನೆ ಆಸ್ತಿಯಾಗುವುದಿಲ್ಲ.

ಡಬ್ಬಿಂಗ್ ಕೆಟ್ಟದಾಗಿ ಮಾಡುತ್ತಾರೆ ಎಂಬ ದೂರು ಮಾತ್ರ ನಿಜ. ತುಟಿಗೆ ಹೊಂದಿಸಲು ಹೋಗಿ ಯಾರೂ ಆಡದ ಪುಸ್ತಕದ ಕನ್ನಡವನ್ನು ತುರುಕುತ್ತಾರೆ. ಥಾರ್ ಕೂಡ ವಾರ್ತೆ ಓದಿದ ಹಾಗೆ ಬೈಯುತ್ತಾನೆ. ಇದಕ್ಕೆ ಮದ್ದು ಒಳ್ಳೆಯ ಬರಹಗಾರರು. ಕ್ಯಾನ್ಸಸ್‌ನ ಆ ಮುದುಕ ಸಾಕುತಂದೆ ಕೆಂಟ್ ಮಗನನ್ನು ಕೂರಿಸಿಕೊಂಡು, ಹೆತ್ತವರು ಏನು ಬಯಸಿದರು ಅನ್ನೋದಲ್ಲ, ನೀನು ಏನು ಮಾಡುತ್ತೀಯ ಅನ್ನೋದೇ ನೀನು ಎಂದು ಸಮಾಧಾನ ಹೇಳುವ ದೃಶ್ಯವಿದೆ. ಅದನ್ನು ಆನೇಕಲ್ ಕಡೆಯ ರಾಗಿ ಬೆಳೆಯುವ ಯಜಮಾನನ ಮಾತಿನಲ್ಲಿ ಬರೆಸಿ: “ಯಾರೋ ಏನೋ ಅಂದ್ರು ಅಂತ ನೀನ್ ಯಾಕ್ಲಾ ತಲೆ ಕೆಡಿಸ್ಕಂತೀಯ, ಮಗಾ...” ಲೂಥರ್‌ಗೆ ವೈಟ್‌ಫೀಲ್ಡ್‌ನ ಸ್ಟಾರ್ಟಪ್ ಸಿಇಒ ಕನ್ನಡ ಕೊಡಿ, ವಾಕ್ಯದಲ್ಲಿ ಮುಕ್ಕಾಲು ಇಂಗ್ಲಿಷ್, ಕ್ರಿಯಾಪದ ಮಾತ್ರ ಕನ್ನಡ. ಸೂಪರ್‌ಮ್ಯಾನ್? ಹುಬ್ಬಳ್ಳಿಯೋ ಮಂಡ್ಯವೋ ಎಂದು ನಾವೇ ಒಂದು ವರ್ಷ ಜಗಳ ಆಡಬಹುದು, ಅದೂ ಮಜವೇ. ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ, ಧಾರಾವಾಹಿಗಳಲ್ಲಿ ಇಂಥ ಸಂಭಾಷಣೆ ಬರೆಯಬಲ್ಲವರಿದ್ದಾರೆ, ಕಂಠದಾನ ಮಾಡುವವರೂ ಇದ್ದಾರೆ. ಡಬ್ಬಿಂಗ್‌ನಿಂದ ಕೆಲಸ ಹೋಗುತ್ತದೆ ಎಂದು ಹೆದರಿಸುವ ಸಂಘಗಳು ಇವರಿಗೆ ಕೆಲಸ ಹುಟ್ಟುವುದನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ?

ಮುಂದಿನ ಸೂಪರ್‌ಮ್ಯಾನ್ ಚಿತ್ರ ‘ಮ್ಯಾನ್ ಆಫ್ ಟುಮಾರೋ’ 2027ರ ಜುಲೈ 9ಕ್ಕೆ ಎಂದು ಘೋಷಣೆಯಾಗಿದೆ. ಚಲನಚಿತ್ರ ವಾಣಿಜ್ಯ ಮಂಡಳಿಯವರು ಈ ಸಲ ತಡೆಯುವ ಪತ್ರ ಬರೆಯದೆ ಕೇಳುವ ಪತ್ರ ಬರೆಯಲಿ. ಕನ್ನಡ ಅವತರಣಿಕೆ ಉಳಿದವುಗಳ ಜೊತೆ ಅದೇ ದಿನ ಬರಬೇಕು, ಟ್ರೇಲರ್ ಕನ್ನಡದಲ್ಲಿ ಪರದೆಯ ಮೇಲೇ ಓಡಬೇಕು, ಬರೆದವರ ಹೆಸರು ಪೋಸ್ಟರಿನಲ್ಲಿರಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆಯವರೆಗಿನ ಪರದೆಗಳಲ್ಲಿ ವಾರದ ದಿನ ಸಂಜೆ ಏಳರ ನಂತರ ಒಂದು ಆಟ, ಭಾನುವಾರ ಮ್ಯಾಟಿನಿ ಒಂದು ಆಟ, ಕನಿಷ್ಠ ಎರಡು ವಾರ. ಅಷ್ಟಾದ ಮೇಲೂ ಸೀಟು ಖಾಲಿ ಹೊಡೆದರೆ ಬಂದು ನಮ್ಮನ್ನು ಕೇಳಿ.