ಏರು ದಾರಿಯಲ್ಲಿ ಎರಡು ಸೈಕಲ್

2019ರ ಆಗಸ್ಟ್‌ನಿಂದ 2025ರ ಸೆಪ್ಟೆಂಬರ್‌ವರೆಗೆ ನಮ್ಮ ತೆರಿಗೆ ವ್ಯವಸ್ಥೆಯಲ್ಲಿ ಒಂದು ವಿಚಿತ್ರ ನಡೆದುಕೊಂಡು ಬಂದಿತು. ಕಾಲಿನಿಂದ ತುಳಿಯುವ ಸೈಕಲ್ಲಿಗೆ ಶೇ 12ರಷ್ಟು ಜಿಎಸ್‌ಟಿ. ಅದಕ್ಕೇ ಮೋಟಾರು, ಬ್ಯಾಟರಿ ಸೇರಿಸಿದರೆ ಶೇ 5. ವಿದ್ಯುತ್ ವಾಹನಗಳ ದರ ಇಳಿಸುವಾಗ ಇ-ಸೈಕಲ್ಲನ್ನೂ ನೆನಪಿಟ್ಟು ಸೇರಿಸಿದವರಿಗೆ ಅದರ ಪಕ್ಕದಲ್ಲೇ ನಿಂತಿದ್ದ ಸಾದಾ ಸೈಕಲ್ ಕಣ್ಣಿಗೆ ಬೀಳಲಿಲ್ಲ. ಕಡತಗಳು ಬೇರೆ ಬೇರೆ ಮೇಜುಗಳ ಮೇಲಿದ್ದಾಗ ಹೀಗಾಗುವುದುಂಟು. ಸರ್ಕಾರಿ ಸೇವೆಯಲ್ಲಿ ತಲೆ ನರೆತವನಿಗೆ ಇದು ಆಶ್ಚರ್ಯವಲ್ಲ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 5 ಎಂದಾಗಿ ಆ ಅಸಂಗತಿ ಕೊನೆಗೊಂಡಿದೆ. ಆದರೆ ಈ ಎರಡರ ನಡುವಣ ನಿಜವಾದ ವ್ಯತ್ಯಾಸವೇನು, ಸರ್ಕಾರ ಯಾವುದಕ್ಕೆ ಬೆಂಬಲ ನೀಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ನಾನು ಎರಡನ್ನೂ ತುಳಿಯುವವನು. ನಿವೃತ್ತಿಯ ನಂತರ ಗೇರಿರುವ ಮೌಂಟನ್ ಬೈಕ್ ಕೊಂಡೆ. ಮೊಣಕಾಲು ತಕರಾರು ತೆಗೆದ ಮೇಲೆ ಮೋಟಾರಿನ ನೆರವಿರುವ ಅದೇ ಬಗೆಯ ಇನ್ನೊಂದನ್ನು. ಬೆಂಗಳೂರು ಸಮತಟ್ಟಾದ ಊರೆಂದು ನಂಬಿದವರು ಇಲ್ಲಿ ಸೈಕಲ್ ತುಳಿದಿರಲಾರರು. ಮಳೆನೀರನ್ನು ಅರ್ಕಾವತಿಗೂ ದಕ್ಷಿಣ ಪಿನಾಕಿನಿಗೂ ಹಂಚುವ ದಿಣ್ಣೆಯ ಮೇಲೆ ಬೆಳೆದ ನಗರವಿದು. ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನದ ಆಸುಪಾಸಿನಿಂದ ಸ್ಯಾಂಕಿ ಕೆರೆಯತ್ತ, ಮಲ್ಲೇಶ್ವರದತ್ತ, ಅರಮನೆ ಗುಟ್ಟಹಳ್ಳಿಯತ್ತ, ಹೀಗೆ ಎತ್ತ ಹೊರಟರೂ ಒಂದು ಇಳಿಜಾರು, ಅದರ ಹಿಂದೆಯೇ ಒಂದು ಏರು.

ಲೆಕ್ಕ ಹಾಕುವುದು ಹಳೆಯ ಚಾಳಿ. ಸವಾರ ಮತ್ತು ಸೈಕಲ್ ಸೇರಿ 85 ಕಿಲೊ ಎಂದಿಟ್ಟುಕೊಳ್ಳಿ. 20 ಮೀಟರ್‌ಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 140 ವ್ಯಾಟ್ ಶಕ್ತಿ ಬೇಕು. ನನ್ನ ವಯಸ್ಸಿನವರು ಬಹಳ ಹೊತ್ತು ನೂರು ವ್ಯಾಟ್ ಕೊಟ್ಟರೆ ಅದೇ ದೊಡ್ಡದು. ಸಾದಾ ಸೈಕಲ್ಲಿನಲ್ಲಿ ಗೇರು ಇಳಿಸಿ ನಡೆಯುವವನಿಗಿಂತ ಕೊಂಚ ವೇಗವಾಗಿ ಹತ್ತಬೇಕು, ಇಲ್ಲವೇ ಇಳಿದು ತಳ್ಳಬೇಕು. ಇನ್ನೊಂದರಲ್ಲಿ ಕೊರತೆಯ ವ್ಯಾಟ್‌ಗಳನ್ನು ಮೋಟಾರು ತುಂಬಿಕೊಡುತ್ತದೆ. ಅದೂ ಪುಕ್ಕಟೆಯಲ್ಲ. ಮೋಟಾರು, ಬ್ಯಾಟರಿಗಳ ಹೆಚ್ಚುವರಿ ತೂಕವೇ ಎಂಟು ಹತ್ತು ಕಿಲೊ. ಚಾರ್ಜ್ ಮುಗಿದ ದಿನ ಆ ಭಾರವನ್ನೂ ನಾವೇ ಎಳೆಯಬೇಕು. ಸಾದಾ ಸೈಕಲ್ ಕೆಟ್ಟರೆ ರಸ್ತೆ ತಿರುವಿನ ಅಂಗಡಿಯವನು ಅರ್ಧ ಗಂಟೆಯಲ್ಲಿ ಸರಿಮಾಡುತ್ತಾನೆ. ಇದರ ವೈರಿಂಗ್ ಕಂಡರೆ ಅವನೂ ಕೈ ಮುಗಿಯುತ್ತಾನೆ.

1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಭಾನುವಾರ ಬೆಳಗ್ಗೆ ಸ್ವಂತ ಬಲದಿಂದ ಹತ್ತುವ ಯುವಕರಿಗೆ ಮೋಟಾರಿನ ನೆರವು ಮೋಸವೆನಿಸುತ್ತದೆ. ಅವರ ಹೆಮ್ಮೆ ನ್ಯಾಯವಾದದ್ದೇ. ಆದರೆ ವ್ಯಾಯಾಮವೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 33 ಅನುಭವಿ ಸವಾರರಿಂದ ಎರಡೂ ಬಗೆಯ ಮೌಂಟನ್ ಬೈಕ್‌ಗಳನ್ನು ಒಂದೇ ಹಾದಿಯಲ್ಲಿ ಓಡಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿದ್ಯುತ್ ಸೈಕಲ್ಲಿನಲ್ಲಿ ಸವಾರರ ಸರಾಸರಿ ಹೃದಯಬಡಿತ ಸಾದಾ ಸೈಕಲ್ಲಿನದರ ಶೇ 94ರಷ್ಟಿತ್ತು. ಅದು ಸಣ್ಣ ಅಧ್ಯಯನ, ನಿಜ. ಆದರೆ ಏರಿನ ಭಯಕ್ಕೆ ಸೈಕಲ್ಲನ್ನೇ ಮೂಲೆಗಿಟ್ಟು ಸ್ಕೂಟರ್ ಹತ್ತುವವನ ಜೊತೆ ಹೋಲಿಸಿ ನೋಡಿ, ಲಾಭ ಯಾರದೆಂದು ತಿಳಿಯುತ್ತದೆ.

ತೊಡಕಿರುವುದು ಕಾನೂನಿನಲ್ಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿರುವ ಬ್ಯಾಟರಿ ವಾಹನ ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ. ತುಳಿಯುವುದು ನಿಲ್ಲಿಸಿದೊಡನೆ ಮೋಟಾರು ನಿಲ್ಲುವ ಸೈಕಲ್ಲನ್ನು ನಿಯಮ ಬೇರೆಯಾಗಿ ಹೆಸರಿಸುತ್ತದೆ, ಸರಿ. ಆದರೆ ಪೆಡಲ್ಲೇ ಇಲ್ಲದ ವಾಹನಕ್ಕೂ ಅದೇ ವಿನಾಯಿತಿ. ನಮ್ಮ ರಸ್ತೆಗಳಲ್ಲಿ ಬಾಡಿಗೆಗೆ ಓಡುವ ಯುಲು ವಾಹನಗಳಿಗೆ ಪೆಡಲ್ ಇಲ್ಲ. ಅವುಗಳ ಉಪಯುಕ್ತತೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅವು ಪುಟ್ಟ ಸ್ಕೂಟರ್‌ಗಳು, ಅಷ್ಟೆ. ಯುರೋಪ್ ಒಕ್ಕೂಟವೂ 250 ವ್ಯಾಟ್, 25 ಕಿ.ಮೀ. ಮಿತಿಯನ್ನೇ ಇಟ್ಟುಕೊಂಡಿದೆ, ಆದರೆ ತುಳಿದರೆ ಮಾತ್ರ ಅದು ಸೈಕಲ್. ಆ ಒಂದು ಷರತ್ತನ್ನು ನಾವೂ ಅಳವಡಿಸಿಕೊಳ್ಳಬೇಕು. 2012ರಲ್ಲಿ ಜಯನಗರದಲ್ಲಿ ಮಾಡಿದ ಸೈಕಲ್ ಪಥ ವಾಹನ ನಿಲುಗಡೆಯ ತಾಣವಾದುದನ್ನು ಕಂಡಿದ್ದೇವೆ. ಮುಂದೆ ಎಲ್ಲಾದರೂ ಅಂಥ ಪಥವಾದರೆ ಅದರೊಳಗೆ ಯಾರಿಗೆ ಪ್ರವೇಶ ಎಂಬುದು ಮೊದಲೇ ತೀರ್ಮಾನವಾಗಿರಲಿ.

ಇನ್ನು ಸಹಾಯಧನದ ಮಾತು. ದೆಹಲಿ ಸರ್ಕಾರ 2022ರಲ್ಲಿ ಮೊದಲ 10,000 ಇ-ಸೈಕಲ್‌ಗಳಿಗೆ ತಲಾ 5,500 ರೂಪಾಯಿವರೆಗೆ ನೆರವು ಘೋಷಿಸಿತ್ತು. ಕರ್ನಾಟಕ ಅಂಥದ್ದನ್ನು ಯೋಚಿಸುವುದಾದರೆ ನನ್ನಂಥ ಪಿಂಚಣಿದಾರನ ಮೌಂಟನ್ ಬೈಕ್‌ಗೆ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಈ ಪತ್ರಿಕೆಯನ್ನು ನಸುಕಿನಲ್ಲಿ ಏರು ರಸ್ತೆಗಳ ಮನೆಗಳಿಗೆ ಹಾಕುವ ಹುಡುಗರಿದ್ದಾರೆ, ಹಾಲು, ಸೊಪ್ಪು ಹೊತ್ತು ಸೈಕಲ್ ತಳ್ಳುವವರಿದ್ದಾರೆ. ಹಳೆಯ ಸೈಕಲ್ಲಿಗೇ ಜೋಡಿಸಬಹುದಾದ ಮೋಟಾರು ಕಿಟ್‌ಗಳು ಮಾರುಕಟ್ಟೆಯಲ್ಲಿವೆ. ಹೊಸ ಸೈಕಲ್ ಖರೀದಿಗೆ ಮಾತ್ರ ಎಂದು ಬರೆಯದೆ, ಆ ಕಿಟ್‌ಗೂ ನೆರವು ಸಿಗುವಂತೆ ಆದೇಶದ ಒಕ್ಕಣೆ ಇರಬೇಕು.